ಹುಮನಾಬಾದಿನ ಗೇಟು ಮುಚ್ಚಿದರೆ ಮಂಠಾಳದ ಒಲೆ ಆರುತ್ತದೆ! ಪರಿಹಾರಕ್ಕೆ ನಾವು ಅರ್ಹರಲ್ಲವೇ?

ಮಂಠಾಳದ ಅಣ್ಣಂದಿರೇ, ಅಕ್ಕಂದಿರೇ! ಹುಲಸೂರ, ಮುಡಬಿ, ರಾಜೇಶ್ವರ, ಕೊಹಿನೂರ ಕಡೆಯ ತಮ್ಮಂದಿರೇ, ತಂಗಿಯರೇ!

ಕಾರ್ಖಾನೆ ಕೆಲಸ ಹೋದವರು ಇದನ್ನು ನಿಂತಲ್ಲೇ ಓದಿ. ಕೆಲಸ ಇನ್ನೂ ಉಳಿದವರು ಮನೆಗೆ ಒಯ್ದು ಎರಡು ಸಲ ಓದಿ. ಓದಲು ಬಾರದವರು ಶಾಲೆಗೆ ಹೋಗುವ ಮಗಳ ಕೈಗೆ ಕೊಟ್ಟು ಓದಿಸಿ!

ನಸುಕಿನಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತೀರಿ. ಗೇಟಿನಲ್ಲೇ ನಿಲ್ಲಿಸುತ್ತಾರೆ. “ಆರ್ಡರ್ ಇಲ್ಲ. ಚೀನಾ ಮಾಲು ಅಗ್ಗ ಬಂದದ. ಫೋನ್ ಮಾಡಿದಾಗ ಬಾ” ಅಂತಾರೆ. ಫೋನ್ ಬರುವುದಿಲ್ಲ! ಬರುವುದು ಫೈನಾನ್ಸಿನವರ ಫೋನ್. ಸಂಘದ ಕಂತಿನ ಫೋನ್. ಮಗನ ಕಾಲೇಜಿನ ಫೀಸಿನ ಫೋನ್.

ಯಾರಿಗೆ ಪೆಟ್ಟು ಬಿದ್ದಿದೆ ನೋಡಿ. ರಿಯಾಕ್ಟರ್ ಮುಂದೆ ನಿಂತು ಕಣ್ಣು ಕೆಂಪಗೆ ಮಾಡಿಕೊಂಡವನಿಗೆ. ಡ್ರಮ್ಮು ತೊಳೆದು ಅಂಗೈ ಚರ್ಮ ಸುಲಿದುಕೊಂಡ ಅಕ್ಕನಿಗೆ. ಬಾಯ್ಲರ್‌ಗೆ ಸೌದೆ, ಕಲ್ಲಿದ್ದಲು ಹಾಕಿದವನಿಗೆ. ಲಾರಿಗೆ ಚೀಲ ಏರಿಸಿದ ಹಮಾಲನಿಗೆ. ಗೇಟಿನ ಎದುರು ಚಹಾ, ಮಿರ್ಚಿ ಭಜಿ ಮಾರುವ ಮುದುಕಿಗೆ. ಊರಿನ ಕಿರಾಣಿ ಅಂಗಡಿಯವನಿಗೂ ಬಿದ್ದಿದೆ. ಉದ್ರಿ ಪುಸ್ತಕದ ಹಾಳೆ ತುಂಬಿ ಅವನೂ ಕೈಕಟ್ಟಿ ಕುಳಿತಿದ್ದಾನೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಮಕ್ಕಳಿಗೆ ಹೊಸ ಅಂಗಿ ತಂದ ಮನೆಗಳಲ್ಲಿ ಈಗ ಹಳೇ ಅಂಗಿಗೆ ಗುಂಡಿ ಹಚ್ಚುತ್ತಿದ್ದಾರೆ!

ಹುಮನಾಬಾದ್ ಕೈಗಾರಿಕಾ ಪ್ರದೇಶದ ಹೊಗೆ, ವಾಸನೆ, ಕೆಟ್ಟ ನೀರಿನ ವಿರುದ್ಧ ಸುತ್ತಲಿನ ಹಳ್ಳಿಯವರು ಕೂಗುತ್ತಲೇ ಬಂದಿದ್ದಾರೆ. ಆ ಕೂಗು ನ್ಯಾಯದ್ದು. ನಾವು ಅವರ ಜೊತೆಗಿದ್ದೇವೆ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿದವರು ಯಾರು? ನಾವೇ! ಹೊಗೆ ನಮ್ಮ ಎದೆಗೆ. ಲಾಭ ಮಾಲೀಕರ ಜೇಬಿಗೆ. ನಷ್ಟ ಬಂದ ದಿನ ಬೀದಿ ಮತ್ತೆ ನಮಗೆ!

ದೆಹಲಿಯಲ್ಲಿ ಏನು ನಡೆಯುತ್ತದೆ ಗೊತ್ತೇ? ಹೊರದೇಶದ ಮಾಲು ತೀರಾ ಅಗ್ಗಕ್ಕೆ ಬಂದು ಸುರಿದರೆ ಕಂಪನಿಗಳು ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕುತ್ತವೆ. “ನಮಗೆ ಹಾನಿಯಾಗಿದೆ, ಆ ಮಾಲಿಗೆ ಸುರಿ-ವಿರೋಧಿ ಸುಂಕ ಹಾಕಿ” ಅನ್ನುತ್ತವೆ. ಹಾನಿಯನ್ನು ಅಳೆಯಲು ಒಂದು ಪಟ್ಟಿ ಇದೆ. ಮಾರಾಟ, ಲಾಭ, ಗೋದಾಮಿನಲ್ಲಿ ಕೂತ ಮಾಲು. ಅದೇ ಪಟ್ಟಿಯಲ್ಲಿ ಇನ್ನೆರಡು ಹೆಸರಿವೆ: ಉದ್ಯೋಗ, ಕೂಲಿ!

ಓದಿದಿರಾ? ನಮ್ಮ ಕೆಲಸ, ನಮ್ಮ ಪಗಾರ ಆ ಪಟ್ಟಿಯಲ್ಲಿದೆ! ನಮ್ಮನ್ನು ತೋರಿಸಿ ಅವರು ಸುಂಕ ಕೇಳುತ್ತಾರೆ. ಸುಂಕ ಬಿದ್ದರೆ ಸಾಮಾನ್ಯವಾಗಿ 5 ವರ್ಷ ಕಂಪನಿಗೆ ನೆರಳು. ವಸೂಲಾದ ಹಣ ಸರ್ಕಾರದ ಖಜಾನೆಗೆ. ಹೊರಗೆ ಬಿದ್ದ ಕಾರ್ಮಿಕನಿಗೆ ಅದರಲ್ಲಿ ಒಂದು ಪೈಸೆ ಇಲ್ಲ! ತಿರುಗಿ ಕೆಲಸಕ್ಕೆ ಕರೆಯಬೇಕೆಂಬ ಷರತ್ತೂ ಇಲ್ಲ! ಹಾನಿ ತೋರಿಸಲು ನಾವು ಬೇಕು. ಪರಿಹಾರ ಹಂಚುವಾಗ ನಾವು ಬೇಡ!

ಚೀನಾ ಮಾಲಿನ ಈ ಪೆಟ್ಟು ಹೊಸದಲ್ಲ. ಪೆನ್ಸಿಲಿನ್ ಕಥೆ ಕೇಳಿ. ಪುಣೆ ಹತ್ತಿರದ ಪಿಂಪ್ರಿ ನಿಮಗೆ ಗೊತ್ತು. ನಮ್ಮ ಬಸವಕಲ್ಯಾಣ ತಾಲ್ಲೂಕಿನವರು ದುಡಿಯಲು ಹೋಗಿ ಬಾಡಿಗೆ ಕೋಣೆ ಹಿಡಿಯುವ ಊರು. ಅಲ್ಲಿ ಸರ್ಕಾರವೇ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಟ್ಟಿತು. ದೇಶದ ಪೆನ್ಸಿಲಿನ್ ಅಲ್ಲಿ ತಯಾರಾಯಿತು. ಆಮೇಲೆ ಚೀನಾದ ಅಗ್ಗದ ಮಾಲು ಬಂತು. ದೇಶದಲ್ಲಿ ಪೆನ್ಸಿಲಿನ್ ಕಚ್ಚಾ ಔಷಧದ ತಯಾರಿಕೆಯೇ ನಿಂತಿತು. ಯಾರೂ ಬೊಬ್ಬೆ ಹೊಡೆಯಲಿಲ್ಲ. 2020ರಲ್ಲಿ ಕೊರೊನಾ ಬಂತು, ಚೀನಾದಿಂದ ಕಚ್ಚಾ ಔಷಧ ಬರುವುದು ನಿಂತೀತು ಅನ್ನುವ ಭಯ ಹುಟ್ಟಿತು. ಆಗ ಸರ್ಕಾರ ಎಚ್ಚರಾಯಿತು! ದೇಶದಲ್ಲೇ ಕಚ್ಚಾ ಔಷಧ ತಯಾರಿಸುವ ಕಂಪನಿಗಳಿಗೆ ಪ್ರೋತ್ಸಾಹಧನ ಕೊಡಲು 6,940 ಕೋಟಿ ರೂಪಾಯಿ ಎತ್ತಿಟ್ಟಿತು. ಔಷಧ ಪಾರ್ಕ್‌ಗಳಿಗೆ ಇನ್ನೂ 3,000 ಕೋಟಿ. ಆ ಪಾರ್ಕ್‌ಗಳು ಹೋದದ್ದು ಹಿಮಾಚಲ, ಗುಜರಾತ್, ಆಂಧ್ರಕ್ಕೆ. ನಮ್ಮ ಯಾದಗಿರಿಯ ಕಡೇಚೂರಿಗೂ ಕೇಳಿದ್ದರು, ಸಿಗಲಿಲ್ಲ.

ಕಂಪನಿಗೆ ಕೊಡಬೇಡಿ ಅಂತ ನಾವು ಹೇಳುತ್ತಿಲ್ಲ. ಕಾರ್ಖಾನೆ ನಡೆದರೆ ನಮಗೂ ಕೆಲಸ. ನಮ್ಮ ಪ್ರಶ್ನೆ ಒಂದೇ. ಮಾಲೀಕನಿಗೆ ಬಿದ್ದ ಪೆಟ್ಟಿಗೆ ಸಾವಿರಾರು ಕೋಟಿಯ ಔಷಧ ಇದೆ. ಅದೇ ಪೆಟ್ಟು ಕಾರ್ಮಿಕನಿಗೆ ಬಿದ್ದರೆ ಯಾವ ಯೋಜನೆ? ಯಾವ ಖಾತೆ? ಯಾವ ಕಿಟಕಿಯಲ್ಲಿ ನಿಲ್ಲಬೇಕು?

ನಮ್ಮ ಮನೆಗಳಲ್ಲಿ ಅಣ್ಣ ತೊಗರಿ ಬಿತ್ತುತ್ತಾನೆ, ತಮ್ಮ ಕಾರ್ಖಾನೆಗೆ ಹೋಗುತ್ತಾನೆ. 2021ರ ಮೇ ತಿಂಗಳಿಂದ ಹೊರದೇಶದ ತೊಗರಿಗೆ ಬಾಗಿಲು ತೆರೆದರು. ಮ್ಯಾನ್ಮಾರ್, ಮೊಜಾಂಬಿಕ್ ತೊಗರಿ ಹಡಗಿನಲ್ಲಿ ಬಂತು. ಅಣ್ಣನಿಗೂ ಪೆಟ್ಟೇ! ಆದರೆ ಅಣ್ಣನಿಗೆ ಬೆಂಬಲ ಬೆಲೆ ಅಂತ ಒಂದು ಹೆಸರಾದರೂ ಇದೆ. 2025-26ಕ್ಕೆ ಕ್ವಿಂಟಲ್‌ಗೆ 8,000 ರೂಪಾಯಿ ಅಂತ ಘೋಷಿಸಿದರು. ಖರೀದಿ ಕೇಂದ್ರ ತಡವಾಗಿ ತೆಗೆದರೆ ರಸ್ತೆ ತಡೆದು ಕೇಳುತ್ತಾನೆ. ತಮ್ಮನಿಗೆ ಕೇಳಲು ಹೆಸರೇ ಇಲ್ಲ! ಆಮದಿನಿಂದ ಕೆಲಸ ಕಳೆದುಕೊಂಡವನು ಅಂತ ಒಂದು ವರ್ಗವೇ ಈ ದೇಶದ ಯಾವ ಅರ್ಜಿ ಫಾರಂನಲ್ಲೂ ಇಲ್ಲ!

ರಾಜ್ಯ ಸರ್ಕಾರದ ಯುವನಿಧಿ ಇದೆಯಲ್ಲ ಅನ್ನುತ್ತೀರಾ? ಅದು ಡಿಗ್ರಿ, ಡಿಪ್ಲೊಮಾ ಮುಗಿಸಿದ ಹುಡುಗರಿಗೆ. ಎಸ್ಸೆಸ್ಸೆಲ್ಸಿ ಫೇಲಾಗಿ 15 ವರ್ಷ ಪಾಳಿ ಮಾಡಿದವನಿಗೆ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಅಕ್ಕನ ಹಕ್ಕು. ಅದನ್ನು ತೋರಿಸಿ ಗಂಡನ ಪಗಾರ ಹೋದದ್ದನ್ನು ಮರೆಸಬೇಡಿ!

ಮಾತು ಕೊಟ್ಟಿರಲಿಲ್ಲ ಅಂತ ಮಾತ್ರ ಹೇಳಬೇಡಿ! 1991ರಲ್ಲಿ ದೇಶದ ಬಾಗಿಲು ತೆರೆದಾಗ ಸರ್ಕಾರ ಏನು ಹೇಳಿತು? ಕೆಲಸ ಕಳೆದುಕೊಳ್ಳುವವರಿಗೆ ನಿಧಿ ಮಾಡುತ್ತೇವೆ, ಬೇರೆ ಕೆಲಸ ಕಲಿಸುತ್ತೇವೆ ಅಂತ! 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಅಂತ ಮಾಡಿಯೂ ಮಾಡಿದರು. ಅದರ ಬಹುಪಾಲು ಹಣ ಹೋದದ್ದು ಸರ್ಕಾರಿ ಕಾರ್ಖಾನೆಗಳ ಸ್ವಯಂ ನಿವೃತ್ತಿಗೆ. ಖಾಸಗಿ ಕಾರ್ಖಾನೆಯ ಕೂಲಿಗೆ ಅದರ ಗಾಳಿಯೂ ಸೋಕಲಿಲ್ಲ. 2000ದಲ್ಲಿ ಆ ನಿಧಿಯನ್ನೇ ಮುಚ್ಚಿದರು. ಬಾಗಿಲು ಮಾತ್ರ ತೆರೆದೇ ಇದೆ!

ಬಟ್ಟೆ ಗಿರಣಿಗಳವರಿಗೆ 1986ರಿಂದ ಒಂದು ಪುನರ್ವಸತಿ ನಿಧಿ ಇತ್ತು. ಗಿರಣಿ ಶಾಶ್ವತವಾಗಿ ಮುಚ್ಚಿದರೆ ಅರ್ಹ ಕಾರ್ಮಿಕನಿಗೆ ಮೊದಲ ವರ್ಷ ಪಗಾರದ ನೂರಕ್ಕೆ 75 ಭಾಗ, ಎರಡನೇ ವರ್ಷ 50, ಮೂರನೇ ವರ್ಷ 25. ಮೂರು ವರ್ಷ! ಬೇರೆ ದಾರಿ ಹುಡುಕಲು ಒಬ್ಬ ಮನುಷ್ಯನಿಗೆ ಅಷ್ಟಾದರೂ ಕಾಲ ಬೇಕು ಅಂತ ಆ ಕಾಲದ ಸರ್ಕಾರಕ್ಕೆ ಗೊತ್ತಿತ್ತು. 2017ರಲ್ಲಿ ಅದನ್ನೂ ಬೇರೆ ಯೋಜನೆಗೆ ಸೇರಿಸಿ ಕೈತೊಳೆದರು. ಕಲಬುರಗಿಗೆ ಹೋದಾಗ ಎಂಎಸ್‌ಕೆ ಮಿಲ್ ಅಂತ ಬಡಾವಣೆ ಹೆಸರು ಕೇಳುತ್ತೀರಿ. ಹೆಸರಿದೆ, ಮಿಲ್ಲಿಲ್ಲ.

ಹಾಗಾದರೆ ಈಗ ಇರುವುದೇನು? ಇಲ್ಲಿ ಕಿವಿಗೊಟ್ಟು ಓದಿ. ಕೂಗುವುದರ ಜೊತೆಗೆ ಇರುವುದನ್ನು ಕಿತ್ತುಕೊಳ್ಳಲೂ ಬೇಕು!

ನಿಮ್ಮ ಪಗಾರ ತಿಂಗಳಿಗೆ 21,000 ದಾಟದಿದ್ದರೆ, ಕಾರ್ಖಾನೆಯಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ, ನಿಮಗೆ ಇಎಸ್‌ಐ ಇರಲೇಬೇಕು. 12,000 ಪಗಾರಕ್ಕೆ ನಿಮ್ಮ ಕೈಯಿಂದ 90 ರೂಪಾಯಿ, ಮಾಲೀಕನ ಕೈಯಿಂದ 390 ರೂಪಾಯಿ ಪ್ರತಿ ತಿಂಗಳು ಕಟ್ಟಬೇಕು. ಇಎಸ್‌ಐ ಅಂದರೆ ಕಲಬುರಗಿಯ ದೊಡ್ಡ ಆಸ್ಪತ್ರೆ, ಕಾಯಿಲೆ ಬಿದ್ದಾಗ ಹೋಗುವುದು ಅಂತ ಮಾತ್ರ ನಮಗೆ ಗೊತ್ತು. ಕೆಲಸ ಹೋದವನಿಗೂ ಅದರಲ್ಲಿ ಹಣವಿದೆ! ಇದನ್ನು ನಿಮಗೆ ಯಾವ ಸೂಪರ್‌ವೈಸರ್ ಹೇಳಿದ್ದ?

ಒಂದು, ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. 2005ರ ಏಪ್ರಿಲ್‌ನಿಂದ ಇದೆ. ಕಾರ್ಖಾನೆ ಮುಚ್ಚಿ ಅಥವಾ ಕಾನೂನು ಪ್ರಕಾರ ಕಡಿತ ಮಾಡಿ ಕೆಲಸ ಹೋಗಿದ್ದರೆ, ಅದಕ್ಕೂ ಮುಂಚೆ ಕನಿಷ್ಠ 2 ವರ್ಷ ಇಎಸ್‌ಐ ಕಟ್ಟಿದ್ದರೆ, ಮೊದಲ 12 ತಿಂಗಳು ಪಗಾರದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಮನೆಯವರಿಗೂ ಚಿಕಿತ್ಸೆ.

ಇನ್ನೊಂದು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈನಲ್ಲಿ ಬಂತು. ದಿನದ ಸರಾಸರಿ ಪಗಾರದ ಅರ್ಧ, 90 ದಿನದವರೆಗೆ. ದಿನಕ್ಕೆ 400 ದುಡಿಯುತ್ತಿದ್ದವನಿಗೆ ಒಟ್ಟು 18,000 ರೂಪಾಯಿ. ಜೀವಮಾನದಲ್ಲಿ ಒಂದೇ ಸಲ! ಎರಡನೇ ಸಲ ಚೀನಾ ಮಾಲು ಬಂದರೆ ನಿಮ್ಮ ಹಣೆಬರಹ! ಅದನ್ನೂ ಕಾಯಂ ಮಾಡಿಲ್ಲ. ಅವಧಿ ಮುಗಿಯುವಾಗಲೆಲ್ಲ ಒಂದಿಷ್ಟು ಕಾಲ ಮುಂದಕ್ಕೆ ಹಾಕುತ್ತ ಬಂದಿದ್ದಾರೆ. ಆದರೂ ಬಿಡಬೇಡಿ. ಈ ಅರ್ಜಿ ನೀವೇ ಹಾಕಬಹುದು, ಮಾಲೀಕನ ಕಾಲು ಹಿಡಿಯಬೇಕಿಲ್ಲ. ಕೆಲಸ ಹೋಗಿ 30 ದಿನ ಆದ ಮೇಲೆ ಹಾಕಿ.

ಈಗ ಬಲೆ ಎಲ್ಲಿದೆ ನೋಡಿ!

ಕೆಲಸದಿಂದ ತೆಗೆಯುವಾಗ ಒಂದು ಕಾಗದ ಮುಂದೆ ಹಿಡಿಯುತ್ತಾರೆ. “ಇಲ್ಲಿ ಸಹಿ ಮಾಡು, ಬಾಕಿ ಪಗಾರ ತಗೊಂಡು ಹೋಗು” ಅಂತಾರೆ. ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ಅದರಲ್ಲಿ ಏನು ಬರೆದಿದೆ? “ನನ್ನ ಮನೆಯ ಕಾರಣಕ್ಕೆ ನಾನೇ ಕೆಲಸ ಬಿಡುತ್ತಿದ್ದೇನೆ” ಅಂತ! ರಾಜೀನಾಮೆ! ಅಲ್ಲಿಗೆ ಮುಗಿಯಿತು. ತಾನೇ ಬಿಟ್ಟವನಿಗೆ ಈ ಎರಡೂ ಯೋಜನೆ ಇಲ್ಲ. ಕಡಿತದ ಪರಿಹಾರವೂ ಇಲ್ಲ. ಒಂದು ಸಹಿಯಿಂದ ಎರಡು ವರ್ಷದ ಅರ್ಧ, ಕಾಲು ಪಗಾರ ಹೋಯಿತು!

ಅಣ್ಣಾ, ತಮ್ಮಾ, ಕೈಮುಗಿದು ಹೇಳುತ್ತೇವೆ: ಓದದೆ ಸಹಿ ಮಾಡಬೇಡಿ! ಫೋಟೊ ಹೊಡೆದುಕೊಳ್ಳಿ. ಓದಿದವರಿಗೆ ತೋರಿಸಿ. “ಕೆಲಸದಿಂದ ತೆಗೆದಿದ್ದೇವೆ” ಅಂತ ಬರೆದುಕೊಡಿ ಅಂತ ಪಟ್ಟು ಹಿಡಿಯಿರಿ. ಬಾಕಿ ಪಗಾರ ನೀವು ದುಡಿದದ್ದು. ಅದಕ್ಕೆ ರಾಜೀನಾಮೆ ಕೇಳುವ ಹಕ್ಕು ಯಾರಪ್ಪನಿಗೂ ಇಲ್ಲ!

ಎರಡನೇ ಬಲೆ ಠೇಕೇದಾರ. 11 ತಿಂಗಳಾದ ಕೂಡಲೇ ಹೆಸರು ತೆಗೆಯುತ್ತಾನೆ. ನಾಲ್ಕು ದಿನ ಬಿಟ್ಟು ಹೊಸ ನಂಬರಿನಲ್ಲಿ ಸೇರಿಸುತ್ತಾನೆ. ಗೇಟು ಅದೇ, ಯಂತ್ರ ಅದೇ, ಮನುಷ್ಯ ಅದೇ. ಕಾಗದದಲ್ಲಿ ಮಾತ್ರ ಪ್ರತಿ ವರ್ಷ ಹೊಸಬ! ಹೀಗೆ 8 ವರ್ಷ ದುಡಿದವನಿಗೆ ಒಂದು ವರ್ಷವೂ ಪೂರ್ತಿ ಸೇವೆ ಇಲ್ಲ ಅನ್ನುತ್ತಾರೆ. ಕೆಲವರ ಪಗಾರದಿಂದ ಇಎಸ್‌ಐ, ಪಿಎಫ್ ಕಡಿಯುತ್ತಾರೆ, ಕಟ್ಟುವುದೇ ಇಲ್ಲ. ಇದು ಕಳ್ಳತನ! ಠೇಕೇದಾರ ಇಎಸ್‌ಐ ಕಟ್ಟದಿದ್ದರೆ ಮೂಲ ಕಾರ್ಖಾನೆಯ ಮಾಲೀಕನೇ ಕಟ್ಟಬೇಕು ಅಂತ ಕಾನೂನಿದೆ. ಠೇಕೇದಾರ ಓಡಿಹೋದ ಅಂತ ಗೇಟಿನಲ್ಲಿ ಹೇಳಿದರೆ, ಮಾಲೀಕ ಎಲ್ಲಿದ್ದಾನೆ ಅಂತ ಕೇಳಿ!

ಮೂರನೆಯದು “ನಷ್ಟ ಆಗಿದೆ” ಅನ್ನುವ ಹಾಡು. ಕಡಿತ ಮಾಡಿದರೆ ಪೂರ್ತಿಯಾದ ಪ್ರತಿ ವರ್ಷದ ಸೇವೆಗೆ 15 ದಿನದ ಪಗಾರ ಕೊಡಬೇಕು. 8 ವರ್ಷಕ್ಕೆ 120 ದಿನದ ಪಗಾರ. ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಬೇರೆ. ಕಾರ್ಖಾನೆಯೇ ಮುಚ್ಚಿದರೂ ಪರಿಹಾರ ತಪ್ಪುವುದಿಲ್ಲ. ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಮಾತ್ರ 3 ತಿಂಗಳ ಪಗಾರದ ಮಿತಿ ಇದೆ. ಅದನ್ನೇ ಹಿಡಿದುಕೊಂಡು “ಚೀನಾ ಮಾಲು ನಮ್ಮ ಕೈಮೀರಿದ್ದು, ನಷ್ಟವಾಯಿತು, ಮಾಲು ಮಾರಾಟವಾಗದೆ ಗೋದಾಮಿನಲ್ಲಿ ಬಿತ್ತು” ಅಂತ ಅಳುತ್ತಾರೆ. ನಂಬಬೇಡಿ! ನಷ್ಟವಾದದ್ದು, ಮಾಲು ಉಳಿದದ್ದು, ಇಷ್ಟರಿಂದಲೇ ಕೈಮೀರಿದ ಕಾರಣ ಆಗುವುದಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಹೀಗಿತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಈ ಸಾಲನ್ನು ಬಾಯಿಪಾಠ ಮಾಡಿ!

ಹೊಸ ಸಂಹಿತೆಯ ಮಾತು ಬಂತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಮೊದಲು 100 ಜನ ಇದ್ದ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಈಗ 300 ಜನ ಇದ್ದರೆ ಮಾತ್ರ! ನಮ್ಮ ಕಡೆ 300 ಕಾಯಂ ಕಾರ್ಮಿಕರಿರುವ ಕಾರ್ಖಾನೆ ಬೆರಳೆಣಿಕೆ. ಅಂದರೆ ಮುಚ್ಚುವುದು ಸಲೀಸಾಯಿತು. ಅದಕ್ಕೆ ಬದಲಾಗಿ ಒಂದು ತುಣುಕು ಎಸೆದಿದ್ದಾರೆ: ಮರುಕೌಶಲ ನಿಧಿ. ಕಡಿತವಾದ ಕಾರ್ಮಿಕನಿಗೆ 15 ದಿನದ ಪಗಾರದಷ್ಟು ಹಣ 45 ದಿನದೊಳಗೆ ಅವನ ಖಾತೆಗೆ ಬರಬೇಕು. ಹದಿನೈದು ದಿನದ ಪಗಾರದಲ್ಲಿ ಯಾವ ಹೊಸ ಕೆಲಸ ಕಲಿಯುತ್ತೀರಿ? ಶಾಸ್ತಾಪುರ ಬಂಗ್ಲಾದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿಯಲು ಅದು ಸಾಕೇ? ಸಾಲದು. ಆದರೂ ಆ ಹಣ ನಿಮ್ಮದು. ಖಾತೆಗೆ ಬಂತೇ ನೋಡಿ. ಬರದಿದ್ದರೆ ಬೀದರಿನ ಕಾರ್ಮಿಕ ಇಲಾಖೆಗೆ ಬರೆದು ಕೇಳಿ.

ಅಮೆರಿಕದಂಥ ದೇಶದಲ್ಲೂ ಆಮದಿನಿಂದ ಕೆಲಸ ಹೋದವರು ಬೇರೆಯೇ ಒಂದು ವರ್ಗ ಅಂತ 1962ರಲ್ಲೇ ಒಪ್ಪಿದ್ದರು. ಆಮೇಲೆ 1974ರ ಕಾನೂನಿನಲ್ಲಿ ಅದನ್ನು ಇನ್ನಷ್ಟು ಸಲೀಸು ಮಾಡಿದರು. ಮೂರೇ ಮೂರು ಜನ ಕಾರ್ಮಿಕರು ಸೇರಿ ಅರ್ಜಿ ಹಾಕಿದರೆ ಸರ್ಕಾರ ತನಿಖೆ ಮಾಡಬೇಕಿತ್ತು. ಹೌದು ಅಂತಾದರೆ ಭತ್ಯೆ, ತರಬೇತಿ, ಬೇರೆ ಊರಿಗೆ ಹೋಗುವ ಖರ್ಚು. 2022ರ ಜುಲೈನಿಂದ ಅಲ್ಲಿಯೂ ಹೊಸ ಅರ್ಜಿ ನಿಂತಿವೆ. ಸಂಸತ್ತು ಮುಂದುವರಿಸಲಿಲ್ಲ. ಆದರೂ ಅರವತ್ತು ವರ್ಷ ನಡೆಯಿತಲ್ಲ! ಅಲ್ಲಿ ಮೂರು ಜನರ ಸಹಿಗೆ ಬೆಲೆ ಇತ್ತು. ಇಲ್ಲಿ ಒಂದು ಊರಿಗೆ ಊರೇ ಸಹಿ ಹಾಕಿದರೂ ಕೊಡಲು ಕಿಟಕಿ ಇಲ್ಲ!

ಆ ಕಿಟಕಿ ತೆರೆಯಿರಿ ಅನ್ನುವುದೇ ನಮ್ಮ ಬೇಡಿಕೆ! ಆಮದಿನಿಂದ ಹಾನಿಯಾಗಿದೆ ಅಂತ ದೆಹಲಿ ಕಚೇರಿ ಯಾವ ಮಾಲಿನ ಬಗ್ಗೆ ಒಪ್ಪುತ್ತದೋ, ಆ ಮಾಲು ತಯಾರಿಸುತ್ತಿದ್ದ ಕಾರ್ಖಾನೆಯಿಂದ ಹೊರಬಿದ್ದ ಪ್ರತಿಯೊಬ್ಬನೂ ಪರಿಹಾರಕ್ಕೆ ಅರ್ಹ ಅಂತ ಬರೆಯಿರಿ. ಬೇರೆ ಸಾಕ್ಷಿ ಕೇಳಬೇಡಿ! ಕಾಯಂ, ಠೇಕೆ, ದಿನಗೂಲಿ ಅಂತ ಜಾತಿ ಮಾಡಬೇಡಿ! ಇದು 12ನೇ ಶತಮಾನದಲ್ಲಿ ಹಗ್ಗ ಹೊಸೆದವನೂ ಶರಣನಾಗಿ ಸರಿಸಮ ಕುಳಿತ ಕಲ್ಯಾಣ. ನಾಯಕರು ಇಲ್ಲಿಗೆ ಬಂದಾಗಲೆಲ್ಲ ಕಾಯಕದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ. ಕಾಯಕ ಕಿತ್ತುಕೊಂಡವರ ಬಗ್ಗೆ ಐದು ನಿಮಿಷ ಮಾತಾಡಲಿ!

ವಸೂಲಾದ ಸುಂಕದಲ್ಲಿ ಒಂದು ಪಾಲನ್ನು ಕಾರ್ಮಿಕರಿಗೆ ಎತ್ತಿಡಿ. ಗಿರಣಿ ಕಾರ್ಮಿಕರಿಗೆ ಕೊಟ್ಟಿದ್ದಂತೆ ಮೂರು ವರ್ಷ ಕೊಡಿ. ಪ್ರೋತ್ಸಾಹಧನ ಪಡೆದ ಕಂಪನಿ ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ಹೊರಬಿದ್ದವರನ್ನು ಕರೆಯಬೇಕು ಅಂತ ಷರತ್ತು ಹಾಕಿ.

ರಾಜ್ಯ ಸರ್ಕಾರವೂ ದೆಹಲಿಯ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಸಂವಿಧಾನದ 371(ಜೆ) ವಿಧಿ ನಮ್ಮ ಹೆಸರಿನಲ್ಲಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಓದುತ್ತಾರೆ. ಸಮುದಾಯ ಭವನ, ಸಿಸಿ ರಸ್ತೆ ಎಲ್ಲ ಆಗಲಿ. ಅದರಲ್ಲೇ ಒಂದಿಷ್ಟನ್ನು ಕೆಲಸ ಕಳೆದುಕೊಂಡವರಿಗೆ ಬಸವಕಲ್ಯಾಣ, ಹುಮನಾಬಾದಿನಲ್ಲಿ ಪಗಾರ ಸಮೇತ ತರಬೇತಿ ಕೊಡಲು ಇಡಿ. ಪಗಾರ ಇಲ್ಲದ ತರಬೇತಿಗೆ ಹೊಟ್ಟೆ ಕಟ್ಟಿಕೊಂಡು ಯಾರು ಬರುತ್ತಾರೆ? ಅದಕ್ಕೇ ನಮ್ಮ ಹುಡುಗರು ಜಹೀರಾಬಾದ್, ಪಟಾನ್‌ಚೆರು, ಪುಣೆ ಬಸ್ ಹತ್ತುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ.

ಈಗ ಕೆಲಸ ಶುರು ಮಾಡೋಣ. ಇವತ್ತು ರಾತ್ರಿಯೇ ಮನೆಯ ಟ್ರಂಕು ತೆಗೆಯಿರಿ. ಗೇಟ್ ಪಾಸ್, ಹಾಜರಿ ಚೀಟಿ, ಪಗಾರ ಚೀಟಿ, ಪಗಾರ ಜಮಾ ಆದ ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ನಂಬರ್, ಪಿಎಫ್ ನಂಬರ್, ಏನಿದ್ದರೂ ಒಂದು ಚೀಲಕ್ಕೆ ಹಾಕಿ. ಏನೂ ಇಲ್ಲವೇ? ಮೊಬೈಲ್ ನೋಡಿ. ಕಾರ್ಖಾನೆಯೊಳಗೆ ಹೊಡೆದ ಫೋಟೊ, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜ್, ಅದೂ ಸಾಕ್ಷಿಯೇ. ಅಳಿಸಬೇಡಿ! ಇಎಸ್‌ಐ ಕಟ್ಟಿದ್ದಾರೋ ಇಲ್ಲವೋ ಮೊಬೈಲಿನಲ್ಲೇ ನೋಡಬಹುದು. ಬಾರದವರಿಗೆ ಊರಿನ ಓದಿದ ಹುಡುಗರು ತೋರಿಸಿಕೊಡಿ. ಈ ಒಂದು ಉಪಕಾರ ಮಾಡಿ, ತಮ್ಮಂದಿರೇ!

ಅಕ್ಕಂದಿರೇ, ನೀವೂ ಬರಬೇಕು. ಡ್ರಮ್ಮು ತೊಳೆದವರ, ಪ್ಯಾಕಿಂಗ್ ಮಾಡಿದವರ ಹೆಸರು ಎಷ್ಟೋ ಕಡೆ ಹಾಜರಿಯಲ್ಲೇ ಇಲ್ಲ. ನೀವು ಬಾರದಿದ್ದರೆ ಗಂಡಸರ ಪಟ್ಟಿಯೇ ಪೂರ್ತಿ ಪಟ್ಟಿ ಆಗಿಬಿಡುತ್ತದೆ!

ಪ್ರತಿ ಓಣಿಯಲ್ಲಿ ಒಂದು ನೋಟ್‌ಬುಕ್ ಇಡಿ. ಹೆಸರು, ಎಷ್ಟು ವರ್ಷ ದುಡಿದಿರಿ, ಯಾವ ದಿನ ತೆಗೆದರು, ಏನು ಕಾರಣ ಹೇಳಿದರು, ಎಷ್ಟು ಬಾಕಿ. ಇಷ್ಟು ಬರೆಯಿರಿ. ಆ ಪಟ್ಟಿಯ ಜೊತೆ ಅರ್ಜಿ ಇಟ್ಟು ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ನಾಲ್ಕು ಪ್ರತಿ ಮಾಡಿ. ಒಂದು ಬೀದರ್ ಜಿಲ್ಲಾಧಿಕಾರಿಗೆ, ಒಂದು ಕಾರ್ಮಿಕ ಇಲಾಖೆಗೆ, ಒಂದು ನಮ್ಮ ಸಂಸದರಿಗೆ, ಒಂದು ಶಾಸಕರಿಗೆ. ಒಬ್ಬರೇ ಹೋಗಬೇಡಿ, ಟಂಟಂ ತುಂಬಿಕೊಂಡು ಹೋಗಿ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರೆ ಹೊರಗೆ ಕುಳಿತು ಬುತ್ತಿ ಬಿಚ್ಚಿ ಉಣ್ಣಿ. ಮೀಟಿಂಗ್ ಮುಗಿಯುತ್ತದೆ. ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಆ ಕಚೇರಿಯ ಮೆಟ್ಟಿಲು ಇಳಿಯಬೇಡಿ!